ಕರಕುಶಲ ವ್ಯಾಪಾರದ ಇಮೇಲ್ ಪತ್ರಕ್ಕೆ ಏನು ಬರೆಯೋದು? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಕೈಕೆಲಸದ ಸಾಮಾನು ಮಾಡಿ ಮಾರುವವರು ಭೇಟಿಯಾದಾಗಲೆಲ್ಲ ಇದೇ ಮಾತು ಬರುತ್ತದೆ. ಗಿರಾಕಿಗಳ ಇಮೇಲ್ ವಿಳಾಸ ಇದೆ, ಒಂದೆರಡು ಸಲ ಬೆಲೆಪಟ್ಟಿ ಕಳಿಸಿದ್ದೂ ಆಯಿತು. ಮುಂದೆ ಏನು ಬರೆಯಬೇಕು ಅಂತ ತೋಚುವುದಿಲ್ಲ. ಬಿದಿರು, ಕರಟ, ರೇಷ್ಮೆ ಗೂಡು, ಕಂಬಳಿ, ಮಣ್ಣು ಹೀಗೆ ಬೇರೆ ಬೇರೆ ಕೆಲಸದವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನನ್ನ ಉತ್ತರಗಳೆಲ್ಲ ಒಂದೇ ನಂಬಿಕೆಯಿಂದ ಬಂದಿವೆ: ಬರೆಯುವ ವಿಷಯ ನಿಮ್ಮ ಕೆಲಸದ ಜಾಗದಲ್ಲೇ ಇದೆ, ಗಿರಾಕಿ ಅದನ್ನು ಆಗಲೇ ಕೇಳಿದ್ದಾರೆ.

ಎಲ್ಲರೂ ವಾಟ್ಸಾಪ್‌ನಲ್ಲೇ ಇದ್ದಾರೆ. ಇಮೇಲ್ ಯಾಕೆ?

ಊರಿನ ಗಿರಾಕಿಗೆ ವಾಟ್ಸಾಪ್ ಸಾಕು. ಸಂತೆಗೆ ಬರುವವರಿಗೆ, ಪಕ್ಕದ ತಾಲ್ಲೂಕಿನವರಿಗೆ ಇಮೇಲ್ ಕಳಿಸುವ ಕಷ್ಟ ಬೇಡ.

ದೂರದವರ ಲೆಕ್ಕ ಬೇರೆ. ದೀಪಾವಳಿಗೆ ಉಡುಗೊರೆ ಕೊಡುವ ಬೆಂಗಳೂರಿನ ಕಂಪನಿ, ಸನ್ಮಾನಕ್ಕೆ ಹಾರ ಬೇಕಾದ ಕಾಲೇಜು, ಅಂಗಡಿಗೆ ಸಗಟಾಗಿ ಕೊಳ್ಳುವವರು, ಮಧುಗಿರಿಯಿಂದ ಹೋಗಿ ವಿದೇಶದಲ್ಲಿ ನೆಲೆಸಿದವರು. ಇವರೆಲ್ಲ ಕೊಳ್ಳುವ ಮಾತನ್ನು ಇಮೇಲ್‌ನಲ್ಲೇ ಆಡುತ್ತಾರೆ. ಆರು ತಿಂಗಳ ಮೇಲೆ ನಿಮ್ಮ ನೆನಪಾದರೆ ಹುಡುಕುವುದೂ ಅಲ್ಲೇ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ. ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ನಂದಿ ಬೆಟ್ಟಕ್ಕೆ ಬಂದು ನಿಮ್ಮ ಹತ್ತಿರ ಒಂದು ಬುಟ್ಟಿ ಕೊಂಡು ಹೋದವರು ನಂಬರ್ ಸೇವ್ ಮಾಡಿಕೊಂಡಿರುವುದು ಅಪರೂಪ.

ಬರೆಯೋಕೆ ವಿಷಯವೇ ಸಿಗಲ್ಲ. ಎಲ್ಲಿಂದ ಶುರು ಮಾಡಲಿ?

ಒಂದು ನೋಟ್‌ಬುಕ್ ಗಲ್ಲಾಪೆಟ್ಟಿಗೆ ಪಕ್ಕ ಇಡಿ. ಗಿರಾಕಿ ಕೇಳುವ ಪ್ರಶ್ನೆಯನ್ನು ಅವರ ಮಾತಲ್ಲೇ ಬರೆದುಕೊಳ್ಳಿ. ನಿಮಗೆ ಅದು ಸಣ್ಣ ವಿಷಯ ಅನ್ನಿಸಬಹುದು. ದಿನಾ ಮಾಡುವ ಕೆಲಸ ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಒಬ್ಬರು ಬಾಯಿಬಿಟ್ಟು ಕೇಳಿದರೆ ಇನ್ನೂ ಹತ್ತು ಜನ ಮನಸ್ಸಲ್ಲೇ ಕೇಳಿಕೊಂಡು ಸುಮ್ನೆ ಹೋಗಿರುತ್ತಾರೆ. ಆ ಒಂದು ಪ್ರಶ್ನೆಗೆ ಸಮಾಧಾನವಾಗಿ ಕೊಡುವ ಉತ್ತರವೇ ಒಂದು ಪತ್ರ.

ಮೊರ ಹೆಣೆಯುವವರನ್ನು ತೆಗೆದುಕೊಳ್ಳಿ. ಪೇಟೆಯ ಗಿರಾಕಿ ಮೊರವನ್ನು ಬೆಳಕಿಗೆ ಹಿಡಿದು, "ಸಂದಿ ಇದೆಯಲ್ಲ, ಕಾಳು ಉದುರಲ್ವಾ?" ಅಂತಾರೆ. ಹಿಂದೆ ನೆನೆಸಿದ ಮೆಂತ್ಯೆ ಮತ್ತು ಕಾಗದವನ್ನು ರುಬ್ಬಿ ಮೊರಕ್ಕೆ ಬಳಿಯುತ್ತಿದ್ದರು. ಅದು ಒಣಗಿದ ಮೇಲೆ ಸಂದಿ ಮುಚ್ಚಿ, ರಾಗಿಯನ್ನೂ ಕೇರಬಹುದಿತ್ತು. ಇದನ್ನು ಕಂಡವರು ಇವತ್ತು ಕಡಿಮೆ. ಬಳಿಯುವುದು ಹೇಗೆ, ಎಷ್ಟು ಹೊತ್ತು ಒಣಗಿಸಬೇಕು ಅಂತ ಬರೆದರೆ ಓದಿದವರು ಅಮ್ಮನಿಗೂ ಅಜ್ಜಿಗೂ ಕಳಿಸುತ್ತಾರೆ.

ಕರಟದ ಬಟ್ಟಲು ಮಾಡುವವರಿಗೆ ಬರುವ ಪ್ರಶ್ನೆಗಳು ಬೇರೆ. ಬಿಸಿ ಸಾರು ಹಾಕಬಹುದಾ? ಮೈಕ್ರೋವೇವ್‌ನಲ್ಲಿ ಇಡಬಹುದಾ? ಇಡಬಾರದು, ಬಿರುಕು ಬಿಡುತ್ತದೆ. ನೀರಲ್ಲಿ ನೆನೆಯಲು ಬಿಡಬಾರದು. ತೊಳೆದು ಒರೆಸಿ, ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಹೊಳಪು ಉಳಿಯುತ್ತದೆ. "ಎಲ್ಲ ಬಟ್ಟಲಿಗೂ ಮೂರು ಕಣ್ಣು ಯಾಕಿಲ್ಲ?" ಅಂತಲೂ ಕೇಳುತ್ತಾರೆ. ಕಾಯಿಯ ಮೂರು ಕಣ್ಣಲ್ಲಿ ಒಂದು ಮೆತ್ತಗಿರುತ್ತದೆ, ಮೊಳಕೆ ಬರುವುದು ಅಲ್ಲಿಂದಲೇ. ಕಣ್ಣಿರುವ ಅರ್ಧದಲ್ಲಿ ನೀರು ಜಿನುಗಬಹುದು. ಅದಕ್ಕೇ ಇನ್ನೊಂದು ಅರ್ಧವನ್ನು ಬಟ್ಟಲಿಗೆ ಆರಿಸುತ್ತೀರಿ ಅಲ್ವಾ? ಅದನ್ನೇ ಬರೆಯಿರಿ. ಬೆಲೆ ಯಾಕೆ ಹಾಗಿದೆ ಅನ್ನುವುದು ನೀವು ಹೇಳದೆಯೇ ಅವರಿಗೆ ಗೊತ್ತಾಗುತ್ತದೆ.

ಕಂಬಳಿಯವರನ್ನು ಎಲ್ಲರೂ ಕೇಳುವುದು "ಇದು ಯಾಕೆ ಚುಚ್ಚುತ್ತೆ?" ಅಂತ. ದಖನಿ ಕುರಿಯ ಉಣ್ಣೆಯೇ ಒರಟು. ಜೊತೆಗೆ ನೇಯುವ ಮೊದಲು ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ, ಅದಕ್ಕೇ ಹೊಸ ಕಂಬಳಿ ಬಿರುಸಾಗಿರುತ್ತದೆ. ಬಳಸುತ್ತಾ ಹೋದಂತೆ ಹದ ಬರುತ್ತದೆ. ಇದನ್ನು ಮೊದಲೇ ಹೇಳಿದರೆ ಸಾಮಾನು ವಾಪಸ್ ಬರುವುದೂ ಕಡಿಮೆಯಾಗುತ್ತದೆ.

ನಾವು ಮಾಡೋದು ಒಂದೇ ವಸ್ತು. ಅದನ್ನೇ ಎಷ್ಟು ಸಲ ಬರೆಯೋದು?

ಒಂದೇ ವಸ್ತು ಮಾಡುವವರಿಗೆ ಬರೆಯುವುದು ಜಾಸ್ತಿ ಇರುತ್ತದೆ ಅಂತ ನನ್ನ ಅನಿಸಿಕೆ. ಶಿಡ್ಲಘಟ್ಟ ಕಡೆ ರೇಷ್ಮೆ ಗೂಡಿನ ಹಾರ ಕಟ್ಟುವ ಒಂದು ಮನೆ ಅಂತ ಇಟ್ಟುಕೊಳ್ಳಿ.

ಮೊದಲ ಪತ್ರ: ಗೂಡಿಗೆ ತೂತು ಯಾಕಿದೆ? ಬಿತ್ತನೆಗೆ, ಅಂದರೆ ಮೊಟ್ಟೆ ಇಡಿಸಲು, ಇಟ್ಟ ಗೂಡನ್ನು ಒಡೆದು ಚಿಟ್ಟೆ ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಒಂದೇ ಎಳೆಯಾಗಿ ನೂಲು ತೆಗೆಯಲು ಆಗುವುದಿಲ್ಲ. ರೀಲರ್‌ಗೆ ಬೇಡವಾದ ಈ ಗೂಡೇ ಹಾರ ಕಟ್ಟುವವರಿಗೆ ಬೇಕು. ಇದರೊಳಗೆ ಹುಳು ಸತ್ತಿಲ್ಲ, ಚಿಟ್ಟೆಯಾಗಿ ಹೊರಗೆ ಬಂದಿದೆ ಅನ್ನುವುದು ಎಷ್ಟೋ ಗಿರಾಕಿಗಳಿಗೆ ಮುಖ್ಯ. ಅದನ್ನು ಒಂದು ಸಾಲಲ್ಲಿ ಹೇಳಿ.

ಎರಡನೆಯದು ಬಣ್ಣದ ಮಾತು. "ಹಳದಿ ಬಣ್ಣ ಹಾಕಿದ್ದೀರಾ?" ಅಂತ ಕೇಳುವವರಿಗೆ ತಳಿಯ ಕಥೆ ಹೇಳಿ. ದ್ವಿತಳಿ (ಬೈವೋಲ್ಟೀನ್) ಅನ್ನುವ ಜಾತಿಯ ಗೂಡು ಬಿಳಿ. ಮೈಸೂರು ತಳಿ ಸೇರಿದ ಮಿಶ್ರತಳಿ ಗೂಡಿಗೆ ಹಳದಿ ತಾನಾಗಿಯೇ ಬರುತ್ತದೆ. ಆ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವುದು ನಮ್ಮ ಕುಣಿಗಲ್, ಪಕ್ಕದ ಮಾಗಡಿ ಕಡೆ. ನೋಡಿ, ಒಂದು ಹಾರದಲ್ಲಿ ಮೂರು ಜಿಲ್ಲೆ ಬಂತು.

ಆಮೇಲೆ ಹುಳುವಿನ ದಿನಚರಿ ಇದೆ. ಸುಮಾರು 25 ದಿನ ಸೊಪ್ಪು ತಿನ್ನುವುದು, ನಡುವೆ ನಾಲ್ಕು ಜ್ವರ (ಪೊರೆ ಬಿಡುವಾಗಿನ ನಿದ್ದೆ), ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟೆಗೆ ಬಿಡುವುದು. ಬೇಸಾಯದ ಮನೆಯವರಿಗೆ ಇದು ಗೊತ್ತಿರುವುದೇ. ವೈಟ್‌ಫೀಲ್ಡ್‌ನಲ್ಲಿ ಕೂತು ಓದುವವರಿಗೆ ಇದೆಲ್ಲ ಹೊಸದು. ಒಂದು ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸುಮಾರು ಸಾವಿರ ಮೀಟರ್ ಎಳೆ ಇರುತ್ತದೆ ಅಂದರೆ ಅವರ ಮಕ್ಕಳೂ ಬಂದು ಓದುತ್ತಾರೆ. ಇನ್ನೂ ಉಳಿದಿವೆ: ಗೂಡನ್ನು ಹೂವಿನಂತೆ ಕತ್ತರಿಸುವ ಬಗೆ, ಹಾರವನ್ನು ಹುಳ ಹಿಡಿಯದಂತೆ ಇಡುವ ಬಗೆ, ಸನ್ಮಾನ ಮುಗಿದ ಮೇಲೆ ಹಾರವನ್ನು ಏನು ಮಾಡಬಹುದು ಅನ್ನುವುದು. ಕೊನೆಯ ವಿಷಯಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಹೂವಿನ ಹಾರ ಸಂಜೆಗೆ ಬಾಡುತ್ತದೆ. ಗೂಡಿನ ಹಾರ ವರ್ಷಗಟ್ಟಲೆ ಗೋಡೆಯ ಮೇಲಿರುತ್ತದೆ. ಹಳೆಯ ಗಿರಾಕಿಗಳ ಮನೆಯಲ್ಲಿ ಅದು ಎಲ್ಲಿ ತೂಗುತ್ತಿದೆ ಅಂತ ಕೇಳಿ ಫೋಟೋ ತರಿಸಿಕೊಳ್ಳಿ, ಅದೇ ಒಂದು ಪತ್ರ ಆಗುತ್ತದೆ.

ತಿಪಟೂರಿನ ಕರಟಕ್ಕೂ ಇಂಥದೇ ಕಥೆ ಇದೆ. ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ, ವರ್ಷದ ಹತ್ತಿರದವರೆಗೂ ಇಡುತ್ತಾರೆ. ನೀರು ಇಂಗಿ, ಕೊಬ್ಬರಿ ಬಿಟ್ಟುಕೊಂಡು, ಅಲ್ಲಾಡಿಸಿದರೆ ಸದ್ದು ಬರುತ್ತದೆ. ಅಷ್ಟು ದಿನ ಕಾದ ಕರಟದ ಮೇಲೆ ನೀವು ಉಪ್ಪುಕಾಗದ ಉಜ್ಜುತ್ತಿದ್ದೀರಿ ಅಂತ ಗಿರಾಕಿಗೆ ಹೇಗೆ ತಾನೇ ಗೊತ್ತಾಗಬೇಕು? ಮಾಲೂರಿನ ಇಟ್ಟಿಗೆ, ಹೆಂಚಿನ ಮಣ್ಣಿನ ನಾಡಲ್ಲಿ ಕುಡಿಕೆ, ಹಣತೆ ಮಾಡುವವರಿಗೂ ಮಣ್ಣಿನಿಂದಲೇ ಮಾತು ಶುರು ಮಾಡಬಹುದು.

ಹಬ್ಬದ ಪತ್ರದಲ್ಲಿ "ಶುಭಾಶಯಗಳು" ಬಿಟ್ಟು ಇನ್ನೇನು ಬರೆಯಲಿ?

ಬರೀ ಶುಭಾಶಯದ ಪತ್ರ ಕಳಿಸಬೇಡಿ. ಹಬ್ಬದ ದಿನ ಅಂಥದ್ದು ಎಲ್ಲ ಕಡೆಯಿಂದ ಬಂದಿರುತ್ತದೆ. ಹಬ್ಬಕ್ಕೂ ನಿಮ್ಮ ವಸ್ತುವಿಗೂ ಇರುವ ನಂಟನ್ನು ಹಿಡಿಯಿರಿ. ಪತ್ರ ಮೂರು ವಾರ ಮೊದಲೇ ಹೋಗಲಿ. ಕೊಳ್ಳಲು, ಕಳಿಸಲು, ತಲುಪಲು ಸಮಯ ಬೇಕು.

ಗೌರಿ ಹಬ್ಬ ಬಿದಿರಿನವರ ಹಬ್ಬ. ಬಾಗಿನಕ್ಕೆ ಜೋಡಿ ಮೊರ ಬೇಕು. ಅಳತೆ ಎಷ್ಟಿರಬೇಕು, ಅರಿಶಿನ ಬಳಿದು ಹೇಗೆ ಒಣಗಿಸುವುದು, ಒಳಗೆ ಏನೇನು ಇಡುತ್ತಾರೆ ಅಂತ ಬರೆದರೆ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಆ ಪತ್ರವನ್ನು ತೆಗೆದಿಟ್ಟುಕೊಳ್ಳುತ್ತಾರೆ. ಮನೆಮನೆಗೂ ಪದ್ಧತಿ ಬೇರೆ. ಹಾಗಾಗಿ "ನಿಮ್ಮ ಮನೆಯಲ್ಲಿ ಹೇಗೆ?" ಅಂತ ಕೇಳಿ. ಬರುವ ಉತ್ತರಗಳಿಂದ ಮುಂದಿನ ವರ್ಷದ ಪತ್ರವೂ ತಯಾರಾಗುತ್ತದೆ.

ಸಂಕ್ರಾಂತಿಗೆ ಎಳ್ಳು ಬೀರಲು ಸಣ್ಣ ಬುಟ್ಟಿ, ಕರಟದ ಡಬ್ಬಿ. ವರಮಹಾಲಕ್ಷ್ಮಿಗೆ ಕಲಶದ ಅಲಂಕಾರ, ತಾಂಬೂಲದ ಜೊತೆ ಕೊಡುವ ಸಣ್ಣ ವಸ್ತು. ದಸರಾ ಗೊಂಬೆ ಕೂರಿಸುವವರಿಗೆ ಬೊಂಬೆ. ಕಾರ್ತಿಕಕ್ಕೆ ಹಣತೆ. ಹಾರ ಕಟ್ಟುವವರು ಪಂಚಾಂಗದ ಜೊತೆ ಇನ್ನೊಂದು ಕ್ಯಾಲೆಂಡರ್ ನೋಡಬೇಕು. ಸೆಪ್ಟೆಂಬರ್ 5 ಶಿಕ್ಷಕರ ದಿನ. ಸೆಪ್ಟೆಂಬರ್ 15 ಇಂಜಿನಿಯರ್‌ಗಳ ದಿನ, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಹುಟ್ಟಿದ ದಿನ. ಚಿಕ್ಕಬಳ್ಳಾಪುರದ ಕಸುಬಿಗೆ ಇದಕ್ಕಿಂತ ಹತ್ತಿರದ ನೆಪ ಸಿಗುವುದಿಲ್ಲ. ನವೆಂಬರ್ ಪೂರ್ತಿ ರಾಜ್ಯೋತ್ಸವ, ಸನ್ಮಾನಗಳ ಸಾಲು. ಅಕ್ಟೋಬರ್ ಮೊದಲ ವಾರದಲ್ಲೇ ಸಂಘಗಳಿಗೆ, ಕಾಲೇಜುಗಳಿಗೆ ಪತ್ರ ಹೋಗಬೇಕು.

ಆಷಾಢದಲ್ಲಿ ವ್ಯಾಪಾರ ಇಲ್ಲ. ಆಗಲೂ ಕಳಿಸಬೇಕಾ?

ಕಳಿಸಿ. ಮಾರುವ ಮಾತು ಬೇಡ. ಶ್ರಾವಣಕ್ಕೆ ಏನು ತಯಾರಾಗುತ್ತಿದೆ ಅಂತ ತೋರಿಸಿ. ಎರಡು ಮಾದರಿ ಇಟ್ಟು ಯಾವುದು ಮಾಡೋಣ ಅಂತ ಕೇಳಿ. ಕೆಲಸ ಕಡಿಮೆ ಇರುವ ತಿಂಗಳಲ್ಲೇ ಮುಂದಿನ ಮೂರು ಪತ್ರ ಬರೆದಿಟ್ಟುಕೊಂಡರೆ ಹಬ್ಬದ ಗಡಿಬಿಡಿಯಲ್ಲಿ ಒದ್ದಾಡುವುದು ತಪ್ಪುತ್ತದೆ.

ಒಂದು ಮಾದರಿ ಪತ್ರ ತೋರಿಸಿ.

ಮೊರ, ಬುಟ್ಟಿ ಮಾಡುವ ಮನೆಯಿಂದ ಹೋಗುವ ಪತ್ರ ಹೀಗಿರಬಹುದು.

"ನಮಸ್ಕಾರ. ಕಳೆದ ವಾರ ಒಬ್ಬರು ಫೋನ್ ಮಾಡಿ, ಎರಡು ವರ್ಷದ ಹಿಂದೆ ಕೊಂಡ ಬುಟ್ಟಿಯಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆ ಅಂದರು. ಅದು ಬಿದಿರು ಕೊರೆಯುವ ಹುಳದ ಕೆಲಸ. ಬುಟ್ಟಿಯನ್ನು ಚೆನ್ನಾಗಿ ಒದರಿ, ಎರಡು ಮೂರು ದಿನ ಒಳ್ಳೆ ಬಿಸಿಲಿಗೆ ಇಡಿ. ಆಮೇಲೆ ಒಲೆಯ ಹೊಗೆ ತಾಗುವ ಕಡೆ ತೂಗುಹಾಕಲು ಆದರೆ ಒಳ್ಳೆಯದು. ನಮ್ಮ ಅಜ್ಜಿ ಕಾಲದ ಬುಟ್ಟಿಗಳು ಉಳಿದಿರುವುದು ಆ ಹೊಗೆಯಿಂದಲೇ. ಗ್ಯಾಸ್ ಒಲೆಯ ಮನೆಯಲ್ಲಿ ಬೇವಿನ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ಹೊರಮೈಗೆ ಒರೆಸಿ. ತೇವ ಇರುವ ಮೂಲೆಯಲ್ಲಿ ಮಾತ್ರ ಇಡಬೇಡಿ.

ಈ ತಿಂಗಳು ಗೌರಿ ಮೊರ ಶುರು ಮಾಡಿದ್ದೇವೆ. ಚಿಕ್ಕದು, ದೊಡ್ಡದು ಎರಡು ಅಳತೆ ಇದೆ. ಫೋಟೋ, ಬೆಲೆ ಕೆಳಗಿದೆ. ಬೇಕಾದವರು ಈ ಪತ್ರಕ್ಕೇ ಉತ್ತರ ಬರೆಯಿರಿ. ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹಳೆಯ ಬುಟ್ಟಿ ಯಾವುದು, ಏನಕ್ಕೆ ಬಳಸುತ್ತೀರಿ? ಅದನ್ನೂ ತಿಳಿಸಿ."

ಇಷ್ಟೇ. ಒಂದು ಉಪಯೋಗದ ಮಾತು, ಒಂದು ವಸ್ತು, ಒಂದು ಪ್ರಶ್ನೆ. ಹತ್ತು ವಸ್ತುಗಳ ಫೋಟೋ ಸೇರಿಸಬೇಕು ಅನ್ನಿಸುತ್ತದೆ, ಸೇರಿಸಬೇಡಿ. ಉಳಿದ ಒಂಬತ್ತು ಮುಂದಿನ ಒಂಬತ್ತು ಪತ್ರಕ್ಕೆ ಇರಲಿ.

ವಿಷಯದ ಸಾಲು, ಅಂದರೆ ಸಬ್ಜೆಕ್ಟ್, ಹೇಗಿರಬೇಕು?

ಚಿಕ್ಕದಾಗಿರಲಿ. ಮೊಬೈಲ್‌ನಲ್ಲಿ ಮೊದಲ ನಾಲ್ಕೈದು ಪದ ಮಾತ್ರ ಕಾಣುತ್ತದೆ. "ಆಗಸ್ಟ್ ತಿಂಗಳ ಸುದ್ದಿಪತ್ರ" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. "ಬುಟ್ಟಿಯಿಂದ ಪುಡಿ ಉದುರುತ್ತಿದೆಯಾ?", "ಗೂಡಿಗೆ ತೂತು ಯಾಕೆ?", "ಗೌರಿ ಮೊರ ತಯಾರಿದೆ" ಇಂಥವು ಕೆಲಸ ಮಾಡುತ್ತವೆ. ಕೊನೇ ಅವಕಾಶ, ಬೇಗ ಬನ್ನಿ ಅಂತ ಕೂಗಬೇಡಿ. ಒಳಗೆ ಇಲ್ಲದ್ದನ್ನು ಹೊರಗೆ ಹೇಳಬೇಡಿ.

ಕನ್ನಡದಲ್ಲಿ ಬರೆಯಲಾ, ಇಂಗ್ಲಿಷ್‌ನಲ್ಲಾ?

ಗಿರಾಕಿ ನಿಮ್ಮ ಜೊತೆ ಯಾವ ಭಾಷೆಯಲ್ಲಿ ಮಾತಾಡಿದರೋ ಅದರಲ್ಲೇ ಬರೆಯಿರಿ. ವಿಳಾಸ ಬರೆದುಕೊಳ್ಳುವಾಗಲೇ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಬಾಗೇಪಲ್ಲಿ, ಚಿಂತಾಮಣಿ, ಪಾವಗಡ ಕಡೆ ಮನೆಮಾತು ತೆಲುಗು ಆಗಿದ್ದರೂ ಕನ್ನಡದ ಪತ್ರ ಆರಾಮಾಗಿ ಓದುತ್ತಾರೆ. ಕಂಪನಿಗಳಿಗೆ ಇಂಗ್ಲಿಷ್ ಬೇಕಾದರೆ ಅದನ್ನು ಬೇರೆ ಪಟ್ಟಿ ಮಾಡಿ. ಒಂದೇ ಪತ್ರದಲ್ಲಿ ಎರಡೂ ಭಾಷೆ ತುಂಬಿದರೆ ಎರಡೂ ಕಡೆಯವರಿಗೆ ಉದ್ದ ಅನ್ನಿಸುತ್ತದೆ.

ಕನ್ನಡದಲ್ಲಿ ಬರೆಯುವವರು ಒಂದು ವಿಷಯ ಗಟ್ಟಿಯಾಗಿ ಹಿಡಿಯಬೇಕು. ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಮೊಬೈಲ್‌ಗಳಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆಯಲ್ಲೇ ಆಗಲಿ. ಡಿಟಿಪಿ ಅಂಗಡಿಯಲ್ಲಿ 'ನುಡಿ', 'ಬರಹ' ಅನ್ನುವ ಕನ್ನಡ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿಸಿದ್ದನ್ನು ಹಾಗೇ ಇಮೇಲ್‌ಗೆ ಅಂಟಿಸಿದರೆ ಓದುವವರ ಮೊಬೈಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಮೊಬೈಲ್ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದರೆ ಅಥವಾ ಬಾಯಲ್ಲಿ ಹೇಳಿ ಬರೆಸಿದರೆ ಅದು ಯೂನಿಕೋಡ್ ಆಗಿಯೇ ಇರುತ್ತದೆ.

ಎಷ್ಟು ದಿನಕ್ಕೊಂದು ಕಳಿಸಬೇಕು?

ತಿಂಗಳಿಗೆ ಒಂದು. ದೊಡ್ಡ ಹಬ್ಬದ ಮುಂದೆ ಇನ್ನೊಂದು.

ಫೋಟೋ ಹೇಗಿರಬೇಕು?

ಬೆಳಗಿನ ಬೆಳಕಲ್ಲಿ, ಬಾಗಿಲ ಹತ್ತಿರ, ಕೆಲಸ ಮಾಡುವ ಕೈ ಕಾಣುವಂತೆ ತೆಗೆಯಿರಿ. ಅರ್ಧ ಹೆಣೆದ ಬುಟ್ಟಿಯ ಫೋಟೋ ಪೂರ್ತಿಯಾದ ಬುಟ್ಟಿಗಿಂತ ಚೆನ್ನಾಗಿ ಮಾತಾಡುತ್ತದೆ. ಇಂಟರ್‌ನೆಟ್‌ನಿಂದ ಎತ್ತಿದ ಚಿತ್ರ ಬೇಡವೇ ಬೇಡ. ಒಂದು ಅಥವಾ ಎರಡು ಫೋಟೋ ಸಾಕು, ಗಾತ್ರ ಇಳಿಸಿ ಹಾಕಿ. ಬೆಲೆಯನ್ನು ಫೋಟೋದ ಒಳಗೆ ಬರೆಯದೆ ಅಕ್ಷರದಲ್ಲೇ ಕೊಡಿ, ಚಿತ್ರ ತೆರೆಯದಿದ್ದರೂ ಬೆಲೆ ಕಾಣಬೇಕು. ಪತ್ರದ ಬರಹ ಮತ್ತು ಕೋಡ್ ಸೇರಿ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದ ಭಾಗವನ್ನು ಕತ್ತರಿಸಿ ತೋರಿಸುತ್ತದೆ. ವರ್ಡ್ ಫೈಲ್‌ನಿಂದ ನೇರ ಅಂಟಿಸಿದಾಗ ಬೇಡದ ಕೋಡ್ ಬಂದು ಹೀಗಾಗಬಹುದು.

ಕೆಲಸ ಮಾಡುವವರ ಬಗ್ಗೆ ಬರೆಯಬಹುದಾ?

ಬರೆಯಲೇಬೇಕು. ಆದರೆ ಅವರನ್ನು ಕೇಳಿ. ಹೆಸರು ಹಾಕಬಹುದಾ, ಮುಖ ತೋರಿಸಬಹುದಾ, ಯಾವ ಮಾತು ಬೇಡ ಅಂತ ಮೊದಲೇ ತಿಳಿದುಕೊಳ್ಳಿ. ಬರೆದದ್ದನ್ನು ಅವರಿಗೆ ಓದಿ ಹೇಳಿ.

ಅವರ ಕಷ್ಟವನ್ನು ತೋರಿಸಿ ಸಾಮಾನು ಮಾರುವುದು ನನಗೆ ಒಪ್ಪಿಗೆಯಿಲ್ಲ. ಬಡತನದ ವರ್ಣನೆ ಓದಿ ಒಮ್ಮೆ ಕೊಂಡವರು ಮತ್ತೆ ಬರುವುದೂ ಇಲ್ಲ. ಅವರ ಕಸುಬನ್ನು ತೋರಿಸಿ. ಬಿದಿರು ಸೀಳುವಾಗ ಗಿಣ್ಣಿನ ಹತ್ತಿರ ಕತ್ತಿ ಹೇಗೆ ತಿರುಗಿಸುತ್ತಾರೆ, ಯಾವ ಬಿದಿರನ್ನು ಬೇಡ ಅಂತ ಪಕ್ಕಕ್ಕಿಡುತ್ತಾರೆ, ಯಾಕೆ. ಅವರಿಗೆ ಬರೆಯಲು ಬಿಡುವಿಲ್ಲದಿದ್ದರೆ, ಕೆಲಸ ಮಾಡುತ್ತಾ ಮಾತಾಡುವಾಗ ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಹತ್ತು ನಿಮಿಷದ ಮಾತಲ್ಲಿ ಎರಡು ಪತ್ರದಷ್ಟು ವಿಷಯ ಸಿಗುತ್ತದೆ. ಅವರ ಮಾತಿನ ಧಾಟಿಯನ್ನು ತಿದ್ದಿ ಪುಸ್ತಕದ ಭಾಷೆ ಮಾಡಬೇಡಿ.

ಪ್ರತಿ ಪತ್ರದಲ್ಲೂ ರಿಯಾಯಿತಿ ಕೊಡಬೇಕಾ?

ಬೇಡ. ಪ್ರತಿ ಸಲ ಕೊಟ್ಟರೆ ಗಿರಾಕಿ ರಿಯಾಯಿತಿಗೆ ಕಾಯುತ್ತಾರೆ, ಮಾಮೂಲಿ ಬೆಲೆಗೆ ಕೊಳ್ಳುವುದನ್ನು ಬಿಡುತ್ತಾರೆ. ಕೈಕೆಲಸದಲ್ಲಿ ಬಿಟ್ಟುಕೊಡುವ ದುಡ್ಡು ಯಾರದೋ ಕೂಲಿಯಿಂದಲೇ ಹೋಗಬೇಕು. ಅದರ ಬದಲು ಹೊಸ ಸಾಮಾನನ್ನು ಪಟ್ಟಿಯಲ್ಲಿರುವವರಿಗೆ ಮೊದಲು ತೋರಿಸಿ.

ಇಮೇಲ್ ವಿಳಾಸಗಳನ್ನು ಎಲ್ಲಿಂದ ಸೇರಿಸಲಿ? ಪಟ್ಟಿ ಕೊಂಡುಕೊಳ್ಳಬಹುದಾ?

ಕೊಳ್ಳಬೇಡಿ. ನಿಮ್ಮನ್ನು ಕಂಡೇ ಇಲ್ಲದವರು ನಿಮ್ಮ ಪತ್ರವನ್ನು ಸ್ಪ್ಯಾಮ್ ಅಂತ ಒತ್ತುತ್ತಾರೆ. ಅದು ಜಾಸ್ತಿಯಾದರೆ ನಿಜವಾದ ಗಿರಾಕಿಗಳಿಗೂ ಪತ್ರ ಸ್ಪ್ಯಾಮ್‌ಗೇ ಹೋಗುತ್ತದೆ.

ಸಿದ್ಧಗಂಗಾ ಜಾತ್ರೆಯ ವಸ್ತುಪ್ರದರ್ಶನ, ಬೆಂಗಳೂರಿನ ಚಿತ್ರಸಂತೆ, ಕಾಲೇಜಿನ ಮೇಳ ಹೀಗೆ ಮಳಿಗೆ ಹಾಕಿದ ಕಡೆ ಒಂದು ಪುಸ್ತಕ ಇಡಿ. ಮೇಲ್ಗಡೆ ದಪ್ಪ ಅಕ್ಷರದಲ್ಲಿ, "ತಿಂಗಳಿಗೊಂದು ಪತ್ರ ಕಳಿಸುತ್ತೇವೆ, ಬೇಕಾದವರು ಇಮೇಲ್ ಬರೆಯಿರಿ" ಅಂತ ಇರಲಿ. ಬಿಲ್ಲಿಗೆ ಅಂತ ತೆಗೆದುಕೊಂಡ ವಿಳಾಸವನ್ನು ಕೇಳದೆ ಪತ್ರದ ಪಟ್ಟಿಗೆ ಸೇರಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಒಪ್ಪಿಗೆಯ ಮಾತನ್ನೇ ಹೇಳುತ್ತದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭ ಇರಬೇಕು. ಪತ್ರದ ಕೊನೆಯಲ್ಲಿ "ಇನ್ನು ಪತ್ರ ಬೇಡ" ಅನ್ನುವ ಲಿಂಕ್ ಕಣ್ಣಿಗೆ ಬೀಳುವಂತೆ ಹಾಕಿ.

ಜಿಮೇಲ್‌ನಿಂದಲೇ ಕಳಿಸಿದರೆ ಆಗಲ್ವಾ?

ಐವತ್ತು ಅರವತ್ತು ಜನರಿದ್ದರೆ ಆಗುತ್ತದೆ. ವಿಳಾಸಗಳನ್ನು ಬಿಸಿಸಿಯಲ್ಲೇ ಹಾಕಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣಬಾರದು. ಉಚಿತ ಜಿಮೇಲ್‌ನಲ್ಲಿ ದಿನಕ್ಕೆ 500 ಜನರ ಮಿತಿ ಇದೆ. ಪಟ್ಟಿ ಬೆಳೆದ ಮೇಲೆ ಜೋಹೋ ಕ್ಯಾಂಪೇನ್ಸ್, ಮೇಲ್‌ಚಿಂಪ್, ಬ್ರೆವೋದಂಥ, ಒಟ್ಟಿಗೆ ತುಂಬಾ ಜನರಿಗೆ ಇಮೇಲ್ ಕಳಿಸುವ ಸೇವೆಗೆ ಹೋಗಿ. ಆಗ ಸ್ವಂತ ಡೊಮೇನ್ ವಿಳಾಸ, ಅಂದರೆ @ ಗುರುತಿನ ಆಮೇಲೆ ನಿಮ್ಮದೇ ಹೆಸರಿರುವ ವಿಳಾಸ ಬೇಕಾಗುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಬೇರೆ ಸೇವೆಯಿಂದ ಕಳಿಸಿ "ಜಿಮೇಲ್ ಡಾಟ್ ಕಾಮ್" ವಿಳಾಸ ತೋರಿಸಿದರೆ ಪತ್ರ ಸ್ಪ್ಯಾಮ್‌ಗೆ ಹೋಗುವ ಸಾಧ್ಯತೆ ಜಾಸ್ತಿ. ಡೊಮೇನ್ ಕೊಡಿಸಿದವರ ಹತ್ತಿರ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಹಾಕಿಸಿಕೊಳ್ಳಿ, ಪತ್ರ ನಿಜವಾಗಿ ನಿಮ್ಮಿಂದಲೇ ಬಂದದ್ದು ಅಂತ ತೋರಿಸುವ ಗುರುತುಗಳು ಇವು. ಒಮ್ಮೆ ಮಾಡಿದರೆ ಆಯಿತು.

ಎಐ ಕೈಲಿ ಬರೆಸಬಹುದಾ?

ಕಾಗುಣಿತ ತಿದ್ದಿಸಲು, ಇಂಗ್ಲಿಷ್ ಪ್ರತಿ ಮಾಡಿಸಲು ಬಳಸಿ. ಈ ವಾರ ನಿಮ್ಮ ಅಂಗಳದಲ್ಲಿ ಏನಾಯಿತು ಅನ್ನುವುದು ಅದಕ್ಕೆ ಗೊತ್ತಿಲ್ಲ, ಅದನ್ನು ನೀವೇ ಹೇಳಬೇಕು.

ಪತ್ರ ಕೆಲಸ ಮಾಡುತ್ತಿದೆಯಾ ಅಂತ ಹೇಗೆ ತಿಳಿಯೋದು?

ಎಷ್ಟು ಜನ ತೆರೆದರು ಅನ್ನುವ ಲೆಕ್ಕವನ್ನು ಜಾಸ್ತಿ ನಂಬಬೇಡಿ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ತಂದ ಗೌಪ್ಯತೆಯ ವ್ಯವಸ್ಥೆಯಿಂದ, ಓದದ ಪತ್ರವೂ ತೆರೆದಂತೆ ಲೆಕ್ಕಕ್ಕೆ ಬರುತ್ತದೆ. ಉತ್ತರ ಎಷ್ಟು ಬಂತು ನೋಡಿ. "ನಮ್ಮ ಮನೆಯಲ್ಲಿ ಮೊರಕ್ಕೆ ಸಗಣಿ ಸಾರಿಸುತ್ತಿದ್ದರು" ಅಂತ ಒಬ್ಬರು ಬರೆದರೆ ಆ ಪತ್ರ ಗೆದ್ದಂತೆ. ಅವರಿಗೆ ಅದೇ ದಿನ ನಾಲ್ಕು ಸಾಲು ಬರೆಯಿರಿ. ಅವರು ಹೇಳಿದ್ದನ್ನು ನೋಟ್‌ಬುಕ್‌ಗೆ ಹಾಕಿಕೊಳ್ಳಿ, ಒಪ್ಪಿದರೆ ಮುಂದಿನ ತಿಂಗಳ ಪತ್ರವನ್ನು ಅವರ ಮಾತಿನಿಂದಲೇ ಶುರು ಮಾಡಿ.

ಕೆಲವರು ಪಟ್ಟಿಯಿಂದ ಹೊರಗೆ ಹೋಗುತ್ತಿದ್ದಾರೆ. ಬೇಜಾರಾಗುತ್ತದೆ.

ಹೋಗಲಿ ಬಿಡಿ. ಅವರ ಹೆಸರು ತೆಗೆಯಿರಿ, ಯಾಕೆ ಅಂತ ಕೇಳಿ ತೊಂದರೆ ಕೊಡಬೇಡಿ. ಆದರೆ ಒಂದೇ ಪತ್ರಕ್ಕೆ ತುಂಬಾ ಜನ ಹೋದರೆ ಆ ಪತ್ರವನ್ನು ಮತ್ತೆ ಓದಿ ನೋಡಿ. ಅದರಲ್ಲಿ ಬೆಲೆಪಟ್ಟಿ ಬಿಟ್ಟು ಬೇರೆ ಏನಾದರೂ ಇತ್ತಾ?